ಹಚ್ಚರಿ

ಜೈಲು, ಕಲಬುರಗಿ
೧೭ ಫೆಬ್ರುವರಿ ೨೦೨೫

ಜಸ್ಮೀನ,

ಕ್ಷೇಮವಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ಕ್ಷೇಮವೇ ಎಂದು ಕೇಳಿದರೆ ಈ ಕಾಗದವನ್ನು ಅಲ್ಲಿಗೇ ಹರಿದು ಒಲೆಗೆ ಹಾಕುತ್ತೀಯ. ಹೀಗಾಗಿ ಎರಡನ್ನೂ ಬಿಟ್ಟು ಶುರುಮಾಡುತ್ತೇನೆ.

ನಿನಗೆ ಬರೆಯಬೇಡ ಎಂದಿದ್ದಾರೆ ವಕೀಲರು. ಸತ್ತವರ ಮಗಳಿಗೆ ಆರೋಪಿ ಕಾಗದ ಬರೆದರೆ ಬೇರೆ ಅರ್ಥ ಹುಟ್ಟುತ್ತದಂತೆ. ಹುಟ್ಟಲಿ. ನನ್ನ ಒಂದು ಶಬ್ದಕ್ಕೆ ಎರಡನೆಯ ಅರ್ಥ ಹುಟ್ಟಿ ಆಗಬೇಕಾದದ್ದೆಲ್ಲ ಆಗಿದೆ. ಇದನ್ನು ನಿನಗಿಂತ ಮೊದಲು ಇಲ್ಲಿನ ಕಚೇರಿಯವರು ಓದುತ್ತಾರೆ. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಒಬ್ಬರಾದರೂ ಪೂರ್ತಿ ಓದಲಿ.

ಠಾಣೆಯಲ್ಲಿ ನನ್ನ ಅಂಗಾಲಿಗೆ ಬಿದ್ದ ಲಾಠಿ ಏಟುಗಳೆಲ್ಲ ಆ ಒಂದು ಶಬ್ದಕ್ಕೆ ಬಿದ್ದವು. ಸಾಹೇಬರು ಮಂಡ್ಯದ ಕಡೆಯವರು. ಫೋನು ಹಿಡಿದು ನನ್ನ ಮುಖಕ್ಕೆ ತಂದರು.

"ಏನಮ್ಮಾ, 'ಜಗದೇವನ ಅಂಗಡಿಗಿ ಎಲ್ಲಾರೂ ಹಚ್ಚರಿ' ಅಂತ ಫೇಸ್‌ಬುಕ್ಕಲ್ಲಿ ಬರೆದವಳು ನೀನೇ ತಾನೆ?"

"ನಾನಽ ರೀ. ಫೋನ್ ಹಚ್ಚರಿ ಅಂತ ಬರದಿದ್ದೆ."

"ದೀಪ ಹಚ್ತಾರೆ, ಬೆಂಕಿ ಹಚ್ತಾರೆ. ಫೋನು ಹಚ್ಚೋದು ಯಾವ ದೇಶದಲ್ಲಿ?"

"ನಮ್ಮ ದೇಶದಾಗ್ರಿ" ಎಂದೆ. ಆಗ ಬಿತ್ತು ನೋಡು. ಹೊಡೆದವಳು ಸೇಡಂ ಕಡೆಯ ಹೆಣ್ಣು ಪೊಲೀಸು. ಹೊಡೆದು ಬೆವರು ಒರೆಸಿಕೊಂಡು ಹೊರಗೆ ಹೋಗಿ ಫೋನಿನಲ್ಲಿ ಗಂಡನಿಗೆ ಹೇಳುತ್ತಿದ್ದಳು, "ಆಮ್ಯಾಗ ಹಚ್ತೇನ್ರಿ, ಇಲ್ಲೊಬ್ಬಾಕಿ ಅದಾಳ." ಅದು ನನಗೂ ಕೇಳಿಸಿತು, ಸಾಹೇಬರಿಗೂ ಕೇಳಿಸಿತು. ಆಕೆ ಒಳಗೆ ಬಂದು ಮತ್ತೆ ಲಾಠಿ ಹಿಡಿದಳು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಕಚೇರಿಯವರಿಗಾಗಿ ಇಷ್ಟು ಹೇಳುತ್ತೇನೆ. ನಾನು, ನೀನು, ಅನೀಲಕುಮಾರ ಮೂವರೂ ಸೇರಿ 'ಅಗಸಿ' ಎಂಬ ಆ್ಯಪ್ ಕಟ್ಟಿದೆವು. ಊರಬಾಗಿಲ ಕಟ್ಟೆಯ ಹೆಸರು ಅದು. ನಿಜವಾದ ಅಗಸಿಕಟ್ಟೆಯ ಮೇಲೆ ಎಲ್ಲರಿಗೂ ಕೂಡುವ ಹಕ್ಕಿರಲಿಲ್ಲ, ನಮ್ಮದರಲ್ಲಿ ಇತ್ತು. ಯಾವ ಪಕ್ಷದ ಹಂಗೂ ಇಲ್ಲದೆ ತಾಲ್ಲೂಕಿನ ಜನ ತಮ್ಮ ರಾಜಕೀಯವನ್ನು ತಾವೇ ಮಾತಾಡಬೇಕು, ಯಾರ ಮಾತನ್ನೂ ನಡುವೆ ಕತ್ತರಿಸಬಾರದು, ಇವೇ ನಮ್ಮ ನಿಯಮ. ಜನ ಮಾತ್ರ ಬರಲಿಲ್ಲ. ಜನ ಇದ್ದದ್ದು ಫೇಸ್‌ಬುಕ್ಕಿನಲ್ಲಿ. ಹೀಗಾಗಿ ಅಲ್ಲಿಗೆ ಹೋಗಿ ಕೂಗುತ್ತಿದ್ದೆವು, ಇಲ್ಲಿ ಬರ್ರಿ, ಇಲ್ಲಿ ಬರ್ರಿ ಎಂದು.

ಅಫಜಲಪುರದಲ್ಲಿ ಜಗದೇವನ ತೊಗರಿ ಅಂಗಡಿಯ ಕಾಂಟಾ ಸುಳ್ಳು ತೂಗುತ್ತದೆ ಎಂದು ರೈತರು ಅಗಸಿಯಲ್ಲಿ ಬರೆದರು. ಆ ಕಾಂಟಾದ ಮುಂದೆ ಕೂಡುತ್ತಿದ್ದವರು ನಿನ್ನ ತಂದೆ ಉಸ್ಮಾನಸಾಬ ಚಾಚಾ. "ಕೇಳಿದವ್ರಿಗಿ ನಾ ಸುಳ್ಳ ಹೇಳಂಗಿಲ್ಲ" ಎಂದಿದ್ದರು ಚಾಚಾ. ಜಗದೇವ ಸೊಲ್ಲಾಪುರಕ್ಕೆ ಮದುವೆಗೆ ಹೋದ ದಿನ ಊರೂರಿನಿಂದ ಜನ ಅಂಗಡಿಗೆ ಫೋನು ಮಾಡುವುದು, ಕಾಂಟಾ ಖರೇ ತೂಗುತ್ತದೆಯೇ ಎಂದು ಕೇಳುವುದು, ಚಾಚಾ ಇಲ್ಲ ಎನ್ನುವುದು. ಇಷ್ಟೇ ನಮ್ಮ ಹೋರಾಟ. ಅಗಸಿಯಲ್ಲಿ ಓದಿದವರು ಫೋನು ಹಚ್ಚಿದರು. ಫೇಸ್‌ಬುಕ್ಕಿನಲ್ಲಿ ಓದಿದವರು ಪೆಟ್ರೋಲ್ ತಂದರು. ಶೆಟರ್ ಒಳಗಿನಿಂದ ಎಳೆದಿತ್ತು. ಚಾಚಾ ಒಳಗಿದ್ದರು.

ಸುದ್ದಿ ಕೇಳಿದೊಡನೆ ಫೇಸ್‌ಬುಕ್ಕಿನ ಬರಹ ಅಳಿಸಿಬಿಟ್ಟೆ. ಅಳಿಸಿದ್ದೇ ನನ್ನ ಪಾಪಕ್ಕೆ ಸಾಕ್ಷಿಯಾಗಿದೆ. ಈಗ ಉಳಿದಿರುವುದು ಮಂದಿ ಹಂಚಿಕೊಂಡ ಅರ್ಧ ಚಿತ್ರ ಮಾತ್ರ, 'ಹಚ್ಚರಿ' ಎಂಬಲ್ಲಿಗೆ ಕತ್ತರಿಸಿದ್ದು. ಕಂಪನಿಯಿಂದ ಮೂಲ ತರಿಸಲು ಎಷ್ಟು ಕಾಲವೋ ಯಾರಿಗೂ ಗೊತ್ತಿಲ್ಲ. ಅಗಸಿಯಲ್ಲಿರುವುದನ್ನು ನೀವೇ ಬರೆದುಕೊಂಡದ್ದು ಎನ್ನುತ್ತಾರೆ ಪೊಲೀಸರು.

ಆ ಮಧ್ಯಾಹ್ನ ಆಳಂದದ ನಮ್ಮ ಕೋಣೆಯಿಂದ ನೀನು ಚಾಚಾನಿಗೆ ಮಾಡಿದ ಕರೆ ನಿನ್ನ ಫೋನಿನಲ್ಲಿ ರೆಕಾರ್ಡ್ ಆಗಿ ಉಳಿದಿದೆ. ಆ ಶಬ್ದ ಚಾಚಾನ ಬಾಯಲ್ಲೇ ಇದೆ. ಅದನ್ನು ಕೋರ್ಟಿಗೆ ಕೊಡು. ನನ್ನನ್ನು ಇಲ್ಲಿಂದ ಹೊರಗೆ ತರುವುದು ಅದೊಂದೇ.

ಇನ್ನೂ ನಿನ್ನವಳು ಎಂದುಕೊಂಡಿರುವ,
ಸುನಿತಾ


ಜೇವರ್ಗಿ
೯ ಮಾರ್ಚ್ ೨೦೨೫

ಸುನಿತಾ,

ನಿನ್ನ ಕಾಗದ ಇಫ್ತಾರಿನ ಹೊತ್ತಿಗೆ ಬಂತು. ಖರ್ಜೂರ ಬಾಯಲ್ಲಿಟ್ಟುಕೊಂಡೇ ಓದಿದೆ.

ಹೋರಾಟ ಎಂದು ಬರೆದಿದ್ದೀಯ. ನಿನಗೆ ಬೆಂಕಿಯ ಬಗ್ಗೆ ಗೊತ್ತಿಲ್ಲದ್ದನ್ನು ನಾನು ಹೇಳುತ್ತೇನೆ, ನಿನ್ನ ಕಚೇರಿಯವರೂ ಓದಲಿ. ಅಬ್ಬಾನಿಗೆ ಗುಸಲ್ ಮಾಡಿಸಲಾಗಲಿಲ್ಲ. ಸತ್ತವರಿಗೆ ಕೊನೆಯ ಸ್ನಾನ ಎಂಥ ಬಡವನಿಗೂ ಸಿಗುತ್ತದೆ. ನೀರು ಹಾಕಿದರೆ ಮೈ ಕಿತ್ತು ಬರುತ್ತದೆ ಎಂದು ಮೌಲಾನಾ ಬರೀ ಮಣ್ಣು ಮುಟ್ಟಿದ ಕೈ ಸವರಿ ಮುಗಿಸಿದರು. ಅಂಗಡಿಯ ಫೋನು ಅವರ ಬಲಗೈಯಲ್ಲಿ ಅಂಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಅದನ್ನು ಬಿಡಿಸಿದರು. ಅದರ ಜತೆ ಏನು ಬಂತು ಎಂಬುದನ್ನು ಬರೆಯಲಾರೆ.

ಅಫಜಲಪುರದ ಮನೆಯಲ್ಲಿ ಇರಲಾಗದೆ ಮಾಮೂ ಮನೆಗೆ ಬಂದಿದ್ದೇವೆ. ಅಮ್ಮಿ ಇದ್ದತ್ತಿನಲ್ಲಿ ಕುಳಿತಿದ್ದಾಳೆ, ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹೊಸ್ತಿಲು ದಾಟುವಂತಿಲ್ಲ. ದಿನಾ ಒಂದೇ ಪ್ರಶ್ನೆ ಕೇಳುತ್ತಾಳೆ. "ಶೆಟರ್ ಕಾಯ್ಕು ಖೀಂಚ್ ಲಿಯೇ ಉನೋ?" ಶೆಟರ್ ಯಾಕೆ ಎಳೆದುಕೊಂಡರು ಅವರು? ತೆರೆದಿದ್ದರೆ ಓಡಿ ಬರುತ್ತಿದ್ದರು ಎಂದು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾಳೆ. ಹಿಡಿಯಲು ಹೋದ ಮಾಮೂನ ಕೈ ಕಚ್ಚಿದ್ದಾಳೆ. ನೆರೆಯವರಿಗೆ, ಮೌಲಾನಾಗೆ, ಹಾಲಿನವನಿಗೂ ಅದೇ ಪ್ರಶ್ನೆ. ನನಗೂ.

ಆ ಕರೆಯಲ್ಲಿ ಅಬ್ಬಾನ ದನಿ ಒಂದೇ ಇಲ್ಲ, ನನ್ನದೂ ಇದೆ. ಎದ್ದು ಹೋಗಬೇಡಿ ಎಂದು ಹೇಳಿದವಳು ನಾನು. ಅಂಥದ್ದನ್ನು ಅಮ್ಮಿಯ ಮುಂದೆ, ಕೋರ್ಟಿನಲ್ಲಿ, ಕರಿಕೋಟಿನವರ ನಡುವೆ ಕೇಳಿಸು ಎನ್ನುತ್ತೀಯಾ? ಆಗುವುದಿಲ್ಲ.

ನೀನೂ ಒಂದು ಹೇಳು. ಅಗಸಿಯಲ್ಲಿ ಅಂಗಡಿಯ ನಂಬರ್ ಮೊದಲ ಸಾಲಿನಲ್ಲಿತ್ತು. ಫೇಸ್‌ಬುಕ್ಕಿನಲ್ಲಿ ಕೊನೆಯ ಸಾಲಿನಲ್ಲಿತ್ತು. ಎರಡನ್ನೂ ಬರೆದವಳು ನೀನೇ. ಯಾಕೆ?

ಉಸ್ಮಾನಸಾಬರ ಮಗಳು,
ಜಸ್ಮೀನ


ಜೈಲು, ಕಲಬುರಗಿ
೧೬ ಏಪ್ರಿಲ್ ೨೦೨೫

ಜಸ್ಮೀನ,

ಮೊನ್ನೆ ಅಂಬೇಡ್ಕರ್ ಜಯಂತಿಯ ಮೆರವಣಿಗೆಯ ಹಲಗೆ ಸದ್ದು ಗೋಡೆ ದಾಟಿ ಬಂತು. ಅಗಸಿಗೆ ಮೊದಲು ಸೇರಿದವರು ಬುದ್ಧವಿಹಾರದ ಓಣಿಯ ಜನವೇ, ನೆನಪಿದೆಯಾ? ವಿಹಾರದ ಅಂಗಳದಲ್ಲಿ ಕೂಡಿಸಿ ಚಹಾ ಕೊಟ್ಟಿದ್ದರು. "ಕಟ್ಟಿ ಮ್ಯಾಲ ಕೂಡ್ರಿ ಅಂತ ನಮಗ ಮೊದಲನೇ ಸಲ ಯಾರೋ ಕರದ್ರು ನೋಡ್ರಿ" ಎಂದು ನಕ್ಕಿದ್ದರು. ಆ ನಗು ನೆನೆದು ಇಲ್ಲಿ ಅತ್ತೆ.

ನಮ್ಮ ಮನೆಯ ಸುದ್ದಿ ನಿನಗೆ ತಲುಪಿರಲಿಕ್ಕಿಲ್ಲ. ಜಗದೇವನ ಮಂದಿ ಆಳಂದಕ್ಕೆ ಬಂದು ನಮ್ಮ ಹಿಟ್ಟಿನ ಗಿರಣಿ ಒಡೆದರು. ಅಪ್ಪ ಬೆಳಗಿನ ಲಿಂಗಪೂಜೆಗೆ ಕುಳಿತಿದ್ದ. ಅಂಗೈ ಮೇಲೆ ಲಿಂಗ ಇದ್ದಂತೆಯೇ ಆ ಕೈಗೆ ಕಬ್ಬಿಣದ ರಾಡಿನಿಂದ ಹೊಡೆದರು. ಮೊಳಕೈ ಕೆಳಗೆ ಎರಡು ಕಡೆ ಮುರಿದಿದೆ. ಬಿದ್ದ ಲಿಂಗವನ್ನು ಹುಡುಕುತ್ತ ಹಿಟ್ಟಿನ ರಾಶಿಯಲ್ಲಿ ಒಂದೇ ಕೈಯಿಂದ ತಡಕಾಡುತ್ತಿದ್ದನಂತೆ. ಅವ್ವ ಭೇಟಿಗೆ ಬಂದಾಗ ಹೇಳಿದಳು. ಇರುವೆ ಕಂಡರೂ ದಾಟಿ ನಡೆಯುವ ನನ್ನಪ್ಪ ಈಗ ದಿಂಬಿನ ಕೆಳಗೆ ಕಬ್ಬು ಕಡಿಯುವ ಕೊಯ್ತಾ ಇಟ್ಟು ಮಲಗುತ್ತಾನೆ. ಜಗದೇವನನ್ನು ಕೈಯಾರೆ ಕೊಲ್ಲಬೇಕು ಎನಿಸುತ್ತದೆ ನನಗೆ. ಓದಲಿ ಕಚೇರಿಯವರು, ಬರೆದದ್ದು ಬರೆದೆ.

ನಿನ್ನ ಪ್ರಶ್ನೆಗೆ ಬರುತ್ತೇನೆ.

ಮೊದಲು ನಾವು ಮರ್ಯಾದೆಯಿಂದ ಬರೆದೆವು. ಗ್ರಾಮಸಭೆ ಯಾವಾಗ, ಕಾಲುವೆ ನೀರು ಎಲ್ಲಿ ನಿಂತಿದೆ, ಬರ್ರಿ ಅಗಸಿಗೆ, ಕೂತು ಮಾತಾಡೋಣು. ಮೆಚ್ಚಿದವರು ಯಾರು? ನೀನು, ನಾನು, ಅನೀಲ, ಅನೀಲನ ಭಾವ. ಆಮೇಲೆ ಮಣ್ಣೂರಿನಲ್ಲಿ ಹೊಳೆ ಮರಳಿನ ಸಭೆಯಲ್ಲಿ ಗದ್ದಲವಾಗಿ ಅನೀಲನ ಹುಬ್ಬಿಗೆ ಕಲ್ಲು ಬಿತ್ತು. ರಕ್ತ ಇಳಿಯುವ ಮುಖವನ್ನು ಹಾಗೆಯೇ ಚಿತ್ರ ತೆಗೆದು ಹಾಕಿದೆವು. ಅದಕ್ಕೆ ಹಾಡು ಕೂಡಿಸಿದವಳು ನೀನು. ಸಂಜೆಯೊಳಗೆ ಮೂರು ತಾಲ್ಲೂಕು ನೋಡಿತು. ಅಗಸಿಗೆ ಒಂದೇ ದಿನ ಬಂದಷ್ಟು ಜನ ಅದಕ್ಕೂ ಮೊದಲಿನ ವರ್ಷವಿಡೀ ಬಂದಿರಲಿಲ್ಲ. ಅಂದಿನಿಂದ ನಾವು ಸಭೆಗೆ ಹೋಗುವಾಗ ಎಲ್ಲಿ ಹೊಡೆದಾಟವಾದೀತು ಎಂದು ನೋಡಿಕೊಂಡು ನಿಲ್ಲುತ್ತಿದ್ದೆವು. ಹೌದೋ ಅಲ್ಲವೋ?

ಫೇಸ್‌ಬುಕ್ಕಿನಲ್ಲಿ ಉದ್ದ ಬರೆದರೆ ನಾಲ್ಕು ಸಾಲು ತೋರಿಸಿ 'ಇನ್ನಷ್ಟು ನೋಡಿ' ಎನ್ನುತ್ತದೆ. ಅದನ್ನು ಒತ್ತಿದವರು ಹೆಚ್ಚಾದಷ್ಟು ಬರಹ ಮೇಲೆ ಏರುತ್ತದೆ ಎಂದು ಅನೀಲ ಹೇಳಿಕೊಟ್ಟಿದ್ದ. ನಂಬರನ್ನು ಮೊದಲಿಗೇ ಕೊಟ್ಟರೆ ಯಾರು ಒತ್ತುತ್ತಾರೆ? ಹೀಗಾಗಿ 'ಹಚ್ಚರಿ' ಎಂಬಲ್ಲಿಗೆ ಮೇಲಿನ ತುಂಡು ಮುಗಿಯುವಂತೆ ಅಳೆದು ಬರೆದು, ನಂಬರನ್ನು ಕೆಳಗೆ ಇಟ್ಟೆ. ಒತ್ತಲಿ ಎಂದು ಇಟ್ಟೆ. ಅವರು ಒತ್ತಲಿಲ್ಲ, ಎದ್ದು ಬಂದರು.

ಆ ಶಬ್ದದ ಇನ್ನೊಂದು ಅರ್ಥ ನನಗೆ ಹೊಳೆದಿತ್ತೇ ಎಂದು ನೀನು ಕೇಳಿಲ್ಲ. ಕೇಳಬೇಡ.

ಕರೆಯನ್ನು ಕೊಡು ಜಸ್ಮೀನ. ಕೈ ಮುಗಿಯುತ್ತೇನೆ.

ಆಳಂದದ,
ಸುನಿತಾ


ಜೇವರ್ಗಿ
೧೨ ಜೂನ್ ೨೦೨೫

ಸುನಿತಾ,

ಎರಡು ತಿಂಗಳು ಬರೆಯಲಿಲ್ಲ. ನಿನ್ನ ಕಾಗದವನ್ನು ಎರಡು ಸಲ ಹರಿದು ಎರಡು ಸಲ ಅಂಟಿಸಿದೆ. ನಿನ್ನ ಅಪ್ಪನ ಕೈ ಮುರಿದದ್ದಕ್ಕೆ ದುಃಖವಾಯಿತು. ಹಾಡು ಕೂಡಿಸಿದವಳು ನೀನು ಎಂದು ಬರೆದದ್ದಕ್ಕೆ ಸಿಟ್ಟೂ ಬಂತು.

ಕಳೆದ ವಾರ ಅನೀಲಕುಮಾರ ಬಂದಿದ್ದ. ಹುಬ್ಬಿನ ಗಾಯದ ಕಲೆ ಮೇಲೆ ಬೆರಳು ಆಡಿಸುತ್ತ ಕುಳಿತ. ಅಮ್ಮಿ ಇದ್ದತ್ತು ಮುಗಿಸಿ ಅದೇ ಮೊದಲು ಅಂಗಳಕ್ಕೆ ಬಂದಿದ್ದಳು.

"ಮಂದಿ ಬರಂಗಿಲ್ಲ ಅಂತ ಮೂವರೂ ಅತ್ತಿದ್ದಿವಲ್ಲ ಜಸ್ಮೀನ, ಈಗ ನೋಡು" ಎಂದು ಅಗಸಿ ತೆರೆದು ತೋರಿಸಿದ. "ಅಫಜಲಪುರ ಬಂದದ, ಜೇವರ್ಗಿ ಬಂದದ, ಕಬ್ಬು ಕಡಿಯಾಕ ಹೋದ ಭೂಸನೂರ ಮಂದಿನೂ ಬಂದದ. ಚಾಚಾನ ಫೋಟೋ ಹಿಂದ ಇಟ್ಟು ನೀ ಎರಡ ಮಾತ ಹೇಳು. ಫೇಸ್‌ಬುಕ್ಕಿನ್ಯಾಗ ಹಾಕ್ತೇನಿ. ಅಲ್ಲಿಂದ ಇಲ್ಲಿಗಿ ಬರ್ತಾರ."

"ಬಂದು ಏನ್ ಮಾಡ್ತಾರ?" ಎಂದೆ.

"ಮೊದಲ ಬರ್ಲಿ ಬೇ. ಆಮ್ಯಾಗ ನೋಡೂಣು."

ಅವನ ಕೈಯಿಂದ ಫೋನು ಕಸಿದು ಓದಿದೆ. ನಾವು ಕಟ್ಟಿದ ಕಟ್ಟೆಯ ಮೇಲೆ, ಯಾರ ಮಾತನ್ನೂ ಕತ್ತರಿಸಬಾರದು ಎಂದು ನಾವೇ ನಿಯಮ ಮಾಡಿದಲ್ಲಿ, ಮೊದಲ ಸಾಲೇ ಹೀಗಿತ್ತು: 'ಮುಂದಿಂದು ಯಾರಿಗಿ ಹಚ್ಚೂಣು?' ಕೆಳಗೆ ಜಗದೇವನ ಮನೆಯ ಚಿತ್ರ. ಅದಕ್ಕೂ ಹಿಂದಿನ ದಿನ ಆ ಮನೆಗೆ ಇಟ್ಟಿಗೆ ತೂರಿದ್ದರು. ಅವನ ಹೆಂಡತಿ ಕಿಟಕಿ ಮುಚ್ಚಲು ಬಂದಾಗ ಇಟ್ಟಿಗೆ ಮುಖಕ್ಕೆ ಬಿದ್ದು ಒಂದು ಕಣ್ಣು ಹೋಗಿದೆ. ಅದರ ಚಿತ್ರವೂ ಅಲ್ಲೇ ಇತ್ತು. ನಗುವ ಗುರುತುಗಳು ಸಾಲಾಗಿ ಇದ್ದವು. ಜಗದೇವ ಆ ದಿನವೂ ಊರಲ್ಲಿ ಇರಲಿಲ್ಲವಂತೆ.

ನನಗೆ ಏನಾಯಿತೋ ಗೊತ್ತಿಲ್ಲ. ಕಾಲಲ್ಲಿದ್ದ ಚಪ್ಪಲಿ ಕೈಗೆ ಬಂತು. ಅನೀಲನ ಮುಖ, ಬಾಯಿ, ಆ ಹುಬ್ಬು ಎಲ್ಲ ಕೂಡಿಸಿ ಹೊಡೆದೆ. ಹಳೆಯ ಗಾಯ ಬಿಚ್ಚಿ ರಕ್ತ ಬಂತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಹೊಡೆಯುವಾಗ ನನಗೆ ಹಿತವೆನಿಸಿತು ಸುನಿತಾ, ಬಹಳ ಹಿತವೆನಿಸಿತು, ಅದೇ ಹೆದರಿಕೆಯಾಗಿದೆ. ಅಮ್ಮಿ ನಿಂತು ನೋಡುತ್ತಿದ್ದಳು, ತಡೆಯಲಿಲ್ಲ. ಮಾಮೂನ ಮಗ ದಾನಿಶ ಬಂದು ನನ್ನನ್ನು ಎತ್ತಿ ಒಳಗೆ ಹಾಕಿ ಚಿಲಕ ಹಾಕಿದ.

ಅಗಸಿಯ ಪಾಸ್‌ವರ್ಡ್ ಮೂವರ ಹತ್ತಿರವೂ ಇತ್ತಲ್ಲ. ಒಳಗೆ ಕುಳಿತೇ ಅಗಸಿಯನ್ನು ಮುಚ್ಚಿದೆ, ಇದ್ದದ್ದನ್ನೆಲ್ಲ ಅಳಿಸಿದೆ. ಬುದ್ಧವಿಹಾರದ ಓಣಿಯವರು ಬರೆದದ್ದೂ ಹೋಯಿತು, ರೈತರು ಬರೆದದ್ದೂ ಹೋಯಿತು, ನಂಬರ್ ಮೊದಲ ಸಾಲಿನಲ್ಲಿದ್ದ ನಿನ್ನ ಬರಹವೂ ಹೋಯಿತು. ಆಮೇಲೆ ನೆನಪಾಯಿತು, ಅದು ನಿನಗೆ ಬೇಕಾಗಿತ್ತೆಂದು.

ಈಗ ಆ ಕರೆ ಒಂದೇ ಉಳಿದಿದೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೇಳುತ್ತೇನೆ. ಅಮ್ಮಿ ಹೊರಗಿನಿಂದ ನೀರು ಯಾಕೆ ಚೆಲ್ಲುತ್ತೀಯೆಂದು ಬೈಯುತ್ತಾಳೆ. ಇನ್ನೂ ದಿನಾ ಕೇಳುತ್ತಾಳೆ, ಶೆಟರ್ ಕಾಯ್ಕು ಎಂದು.

ಕೊಡುತ್ತೇನೆಂದು ಹೇಳುತ್ತಿಲ್ಲ.

ಜಸ್ಮೀನ


ಜೈಲು, ಕಲಬುರಗಿ
೨೧ ಜುಲೈ ೨೦೨೫

ಜಸ್ಮೀನ,

ಅಗಸಿ ಮುಚ್ಚಿದ್ದು ಸರಿ. ವಕೀಲರು ತಲೆ ಚಚ್ಚಿಕೊಂಡರು, ನಾನು ಚಚ್ಚಿಕೊಳ್ಳಲಿಲ್ಲ.

ಇಲ್ಲಿ ನನ್ನನ್ನು 'ಹಚ್ಚಾಕಿ' ಎಂದು ಕರೆಯುತ್ತಾರೆ. ಬೆಂಕಿ ಹಚ್ಚಿದವಳು ಎಂದು. ಅಂಗಡಿ ಸುಟ್ಟವರಲ್ಲಿ ಒಬ್ಬನ ಅಕ್ಕ ಬೇರೆ ಯಾವುದೋ ಪ್ರಕರಣದಲ್ಲಿ ನಮ್ಮ ಬ್ಯಾರಕ್ಕಿಗೆ ಬಂದಿದ್ದಾಳೆ. "ನೀ ಬರದಿ, ನಮ್ಮ ತಮ್ಮ ಮಾಡಿದ. ಅವ ಪಾಪದವ, ಓದಾಕ ಸೈತ ಬರಂಗಿಲ್ಲ" ಎಂದು ಬಾಯಿ ಮಾಡಿದಳು. ಓದಲು ಬಾರದವನಿಗೆ ಯಾರೋ ಓದಿ ಹೇಳಿದ್ದಾರೆ, ಅದೂ ಅರ್ಧ. ನಾನು ತಿರುಗಿ ಏನೋ ಅಂದೆ. ಊಟ ಬಡಿಸುವ ಸರದಿ ಅವಳದಿತ್ತು. ಕುದಿಯುವ ತೊಗರಿಬೇಳೆಯ ಸೌಟನ್ನು ನನ್ನ ಪಾದದ ಮೇಲೆ ಸುರಿದಳು. ನಾನು ಅವಳ ಕೂದಲು ಹಿಡಿದು ಗೋಡೆಗೆ ಗುದ್ದಿದೆ. ಅವಳ ಹಲ್ಲು ಮುರಿಯಿತು, ನನ್ನ ಪಾದದ ಚರ್ಮ ಸಾಕ್ಸಿನಂತೆ ಸುಲಿದು ಬಂತು.

ಒಂದು ಸೌಟು ಬೇಳೆ ಅಷ್ಟೆ. ಅದಕ್ಕೇ ಹೊರಗಿನ ಗೇಟಿನವರೆಗೂ ಕೇಳುವಂತೆ ಕಿರುಚಿದೆನಂತೆ. ಕಿರುಚುತ್ತಿರುವಾಗಲೇ ಚಾಚಾ ನೆನಪಾದರು. ಆಮೇಲೆ ಬಾಯಿ ಮುಚ್ಚಿಕೊಂಡು ಬಿದ್ದಿದ್ದೆ.

ಆಗಸ್ಟಿನಲ್ಲಿ ಜಾಮೀನಿನ ವಿಚಾರಣೆ ಇದೆ. ಚಾಚಿ ಬರುತ್ತಾರೆ, ಮುಂದಿನ ಸಾಲಿನಲ್ಲಿ ಕೂಡುತ್ತಾರೆ ಎಂದು ವಕೀಲರು ಹೇಳಿದರು. ನೀನು ಆ ಕರೆಯನ್ನು ತರಬೇಡ. ಅದರಲ್ಲಿ ಏನಿದೆ ಎಂದು ನನಗೂ ಗೊತ್ತು, ಸ್ಪೀಕರಿನಲ್ಲಿ ಕೇಳಿದ್ದೇನಲ್ಲ. ನೀನು ಮೊದಲ ಕಾಗದದಲ್ಲಿ ಬರೆದದ್ದು ಅರ್ಧ ಎಂಬುದೂ ಗೊತ್ತು. ಠಾಣೆಯಲ್ಲಿ ಅಷ್ಟು ಏಟು ಬಿದ್ದಾಗಲೂ ಉಳಿದ ಅರ್ಧವನ್ನು ನಾನು ಹೇಳಲಿಲ್ಲ. ಮುಂದೆಯೂ ಹೇಳುವುದಿಲ್ಲ.

ನಾನು ಶರಣೆಯಲ್ಲ. ಇಲ್ಲಿಂದ ಹೊರಗೆ ಬರಬೇಕು ನನಗೆ. ಆಳಂದಕ್ಕೆ ಹೋಗಿ ಅಪ್ಪನ ಕೈಗೆ ಎಣ್ಣೆ ಸವರಬೇಕು, ಗಿರಣಿಯ ಪಟ್ಟಿ ಕೂಡಿಸಬೇಕು. ಆದರೂ ತರಬೇಡ. ಚಾಚಿಗೆ ಉಳಿದಿರುವುದು ನೀನೊಬ್ಬಳೇ.

ಸುನಿತಾ


ಜೇವರ್ಗಿ
೧೪ ಆಗಸ್ಟ್ ೨೦೨೫

ಸುನಿತಾ,

ಕಟಕಟೆಯಲ್ಲಿ ನೀನು ತಲೆ ಅಲ್ಲಾಡಿಸಿ ಬೇಡ ಬೇಡ ಎನ್ನುತ್ತಿದ್ದದ್ದು ಕಂಡಿತು. ಪಾದದ ಪಟ್ಟಿಯೂ ಕಂಡಿತು. ಆಮೇಲೆ ಕೋರ್ಟಿನ ಹೊರಗೆ ಆದದ್ದು ನಿನಗೆ ಗೊತ್ತಿಲ್ಲ, ನಿನ್ನನ್ನು ವ್ಯಾನಿಗೆ ಹತ್ತಿಸಿ ಕರೆದೊಯ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಯಾಕೆ ಕೊಟ್ಟೆ ಎಂದು ಕೇಳಿದರೆ ನನ್ನಲ್ಲಿ ದೊಡ್ಡ ಉತ್ತರವಿಲ್ಲ. ಸರಕಾರಿ ವಕೀಲರು ಎದ್ದು, "ಮೃತನನ್ನು ಸುಡುವ ಉದ್ದೇಶದಿಂದಲೇ ಆರೋಪಿ ಜನರನ್ನು ಕಳಿಸಿದ್ದಾಳೆ" ಎಂದರು. ಅಮ್ಮಿ ಮುಂದಿನ ಸಾಲಿನಲ್ಲಿ ಹೌದು ಹೌದು ಎಂದು ತಲೆ ತೂಗಿದಳು. ಅಬ್ಬಾನ ಬಗ್ಗೆ ನನ್ನಮ್ಮಿಯೂ ಅರ್ಧವನ್ನೇ ನಂಬಿ ಬದುಕುತ್ತಾಳೆ ಎಂದು ಆಗ ಅನಿಸಿತು. ಎದ್ದು ನಿಂತೆ. ನ್ಯಾಯಾಧೀಶರ ಮುಂದೆ ಫೋನು ಇಟ್ಟು ಆ ಕರೆಯನ್ನು ಕೇಳಿಸಿದೆ.

ನೀನು ಆ ಕೋಣೆಯಲ್ಲಿ ಕೇಳಿದ್ದೆ, ಕೋರ್ಟಿನಲ್ಲಿ ಮತ್ತೆ ಕೇಳಿದೆ. ಆದರೂ ಬರೆಯುತ್ತೇನೆ, ನನ್ನ ಕೈಯಿಂದ ಒಂದು ಸಲ ಪೂರ್ತಿ ಬರೆಯಬೇಕು. ಅಂಗಡಿಯಲ್ಲಿ ಕುಳಿತಾಗ ಅಬ್ಬಾ ನನ್ನೊಡನೆಯೂ ಕನ್ನಡವನ್ನೇ ಆಡುತ್ತಿದ್ದರು.

"ಏನ್ ಬೇ ಬೇಟಾ ಇದು! ಮಂದಿ ಬರೇ ಹಚ್ಚಾಕತ್ತಾರ! ಒಂದ ಇಡೂದ್ರಾಗ ಇನ್ನೊಂದು. ಕಿವಿ ಕಾದ ಹಂಚ ಆಗ್ಯದ ನಂದು."

ಆಮೇಲೆ ನಗು. ಅಬ್ಬಾನದು, ನಿನ್ನದು, ಅನೀಲನದು, ನನ್ನದು. ನ್ಯಾಯಾಧೀಶರು ಬೆಳಗಾವಿಯವರು. ಆ ಶಬ್ದ ಕೇಳಿದೊಡನೆ ಅವರ ಮುಖದಲ್ಲೂ ಸಣ್ಣ ನಗು ಬಂತು, ನಮ್ಮ ಕಡೆಯ ಮಾತು ಎಂದು ಗುರುತಾಗಿ. ಸರಕಾರಿ ವಕೀಲರ ಕಡೆ ತಿರುಗಿ, "ಸುಡುತ್ತಿದ್ದಾರೆ ಎಂದು ಯಾರೂ ಹೀಗೆ ನಗುತ್ತ ಹೇಳುವುದಿಲ್ಲ" ಎಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿನ್ನ ಕೆಲಸ ಅಷ್ಟಕ್ಕೇ ಆಗಿತ್ತು. ನಾನು ಕೈ ಹಾಕಿ ನಿಲ್ಲಿಸಲಿಲ್ಲ.

"ಹೊರಗ ಯಾರೋ ಒದರಾಕತ್ತಾರ ಬೇಟಾ, ಫೋನಿನ್ಯಾಗ ಏನೂ ಕೇಳವಲ್ದು. ಎದ್ದು ಹೋಗಿ ನೋಡ್ಲೇನು?"

"ಏಳಬ್ಯಾಡ್ರಿ ಅಬ್ಬಾ. ಯಾರ ಹಚ್ಚಿದ್ರೂ ಎತ್ತರಿ. ಗದ್ದಲ ಇದ್ರ ಶೆಟರ್ ಎಳಕೊಂಡ ಕೂಡ್ರಿ."

"ಆತು ನೋಡವಾ" ಎಂದರು ಅಬ್ಬಾ. ಶೆಟರ್ ಇಳಿಯುವ ಸದ್ದು. ಅಷ್ಟೇ ಇರುವುದು.

ನಿನಗೆ ಜಾಮೀನು ಎಂದು ಹೇಳಿದ್ದು ನನಗೆ ಕೇಳಿಸಲಿಲ್ಲ, ವಕೀಲರು ಆಮೇಲೆ ಹೇಳಿದರು. ಅಮ್ಮಿ ಎದ್ದು ಹೊರಗೆ ಹೋದಳು. ನಾನೂ ಹೋದೆ. ಬೇವಿನ ಮರದ ಕೆಳಗೆ, ಎಲ್ಲರ ಎದುರಿಗೆ, ಎರಡೂ ಕೈಯಿಂದ ನನ್ನನ್ನು ಹೊಡೆದಳು. ಬಳೆ ಇಲ್ಲದ ಕೈ. ತುಟಿ ಒಡೆಯಿತು, ಕಿವಿಯ ಓಲೆ ಕಿತ್ತು ಬಂತು. ಬಿಡಿಸಲು ಬಂದ ಹೆಂಗಸರನ್ನು ನಾನೇ ದೂಡಿದೆ. ದಣಿದು ನಿಂತಳು. ಜೇವರ್ಗಿಯ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಳು. ಸೆರಗಿನ ತುದಿ ಉಗುಳಿನಿಂದ ಒದ್ದೆ ಮಾಡಿ ನನ್ನ ಕಿವಿಯ ರಕ್ತ ಒರೆಸಿದಳು.

ಆ ದಿನದಿಂದ ಶೆಟರಿನ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಾಳೆ. ಕೇಳುತ್ತಿದ್ದಾಗಲೇ ವಾಸಿ ಇತ್ತು. ಕೋರ್ಟಿನವರು ನಕಲು ಮಾಡಿಕೊಂಡು ಹಿಂತಿರುಗಿಸಿದ ಫೋನು ಅವಳ ಹತ್ತಿರವೇ ಇದೆ. ಮುಂಜಾನೆ ಒಲೆಯ ಮುಂದೆ ಕುಳಿತು ಹಚ್ಚಿಕೊಂಡು ಕೇಳುತ್ತಾಳೆ, ಅಬ್ಬಾ ನಗುವವರೆಗೆ ಮಾತ್ರ. ಮುಂದಿನದು ಬರುವ ಮೊದಲೇ ಬೆರಳು ಇಟ್ಟು ನಿಲ್ಲಿಸುತ್ತಾಳೆ. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ. ನನ್ನ ದನಿ ಬರುವ ಜಾಗ ಅವಳಿಗೆ ಈಗ ಬಾಯಿಪಾಠವಾಗಿದೆ.

ನಿನ್ನ ಬಗ್ಗೆ ನಿನ್ನೆ ಒಂದು ಮಾತು ಹೇಳಿದಳು. "ಆಕಿನೂ ನಗಾಕತ್ತಿದ್ಲಲ್ಲ ಅದರಾಗ" ಎಂದಳು. ಅಷ್ಟೇ. ಸಿಟ್ಟೋ ಏನೋ ತಿಳಿಯಲಿಲ್ಲ, ಕೇಳುವ ಧೈರ್ಯ ನನಗಿಲ್ಲ.

ಈ ವಾರವೋ ಮುಂದಿನ ವಾರವೋ ನಿನ್ನನ್ನು ಬಿಡುತ್ತಾರೆ. ನಿನ್ನ ಸಾಮಾನಿನ ಜತೆ ಫೋನು ಕೊಡುತ್ತಾರೆ. ಗೇಟಿನ ಹೊರಗೆ ನಿಂತು ಮೊದಲು ನನ್ನ ಹೆಸರು ಹುಡುಕುತ್ತೀಯ, ನಿನ್ನನ್ನು ನಾನು ಬಲ್ಲೆ. ನಮ್ಮ ಮನೆಯಲ್ಲಿ ಈಗ ಫೋನು ಬಡಿದುಕೊಂಡರೆ ಅಮ್ಮಿ ಎದ್ದು ಹೋಗಿ ಬಾಗಿಲು ತೆರೆದು ನಿಲ್ಲುತ್ತಾಳೆ, ಎಲ್ಲ ಬಾಗಿಲನ್ನೂ, ಕಿಟಕಿಯನ್ನೂ, ಉಸಿರು ಕಟ್ಟಿದವಳಂತೆ. ನಿನ್ನ ಮೇಲಿನ ದ್ವೇಷಕ್ಕಲ್ಲ ಸುನಿತಾ, ಆ ಸದ್ದಿಗೆ ಹೇಳುತ್ತಿದ್ದೇನೆ.

ನನಗೆ ಹಚ್ಚಬೇಡ.

ಜಸ್ಮೀನ